ಮೋಡ ಮತ್ತು ಅದರ ನೆರಳು: ಉಪಗ್ರಹ ಚಿತ್ರಗಳ ಓದಿನ ಒಂದು ಚರಿತ್ರೆ

ಬಾನಿನಿಂದ ಭೂಮಿಯನ್ನು ನೋಡುವ ಪ್ರಯತ್ನದ ಚರಿತ್ರೆಯಲ್ಲಿ ಮೋಡಕ್ಕೆ ಎರಡು ಸ್ಥಾನಗಳಿವೆ. 1960ರ ಏಪ್ರಿಲ್ 1ರಂದು ಅಮೆರಿಕವು ಹಾರಿಸಿದ ಟೈರೋಸ್-1 ಹವಾಮಾನ ಉಪಗ್ರಹಕ್ಕೆ ಮೋಡವೇ ನೋಡಬೇಕಾದ ವಸ್ತುವಾಗಿತ್ತು. 1972ರ ಜುಲೈ 23ರಂದು ಹಾರಿದ, ಅನಂತರ ಲ್ಯಾಂಡ್‌ಸ್ಯಾಟ್-1 ಎಂದು ಹೆಸರಾದ ಭೂವೀಕ್ಷಣಾ ಉಪಗ್ರಹಕ್ಕೆ ಅದೇ ಮೋಡ ತಡೆಯಾಯಿತು. ಯಾವುದೇ ಗಳಿಗೆಯಲ್ಲಿ ಭೂಮಿಯ ಸುಮಾರು ಮೂರರಲ್ಲಿ ಎರಡು ಭಾಗ ಮೋಡದ ಕೆಳಗಿರುತ್ತದೆ. ಆದ್ದರಿಂದ ನೆಲವನ್ನು ಓದಬಯಸುವವರು ಮೊದಲು ಮೋಡವನ್ನು ಓದಲು ಕಲಿಯಬೇಕಾಯಿತು.

ಮೋಡಕ್ಕಿಂತಲೂ ಅದರ ನೆರಳು ಹೆಚ್ಚು ತೊಡಕಿನದು. ಮೋಡ ಬೆಳ್ಳಗೆ ಹೊಳೆಯುತ್ತದೆ. ಸಾಮಾನ್ಯವಾಗಿ ನೆಲಕ್ಕಿಂತ ತಣ್ಣಗಿರುತ್ತದೆ. ನೆರಳಿಗಾದರೋ ಕಪ್ಪೊಂದನ್ನು ಬಿಟ್ಟು ಸ್ವಂತ ಲಕ್ಷಣವಿಲ್ಲ. ಕೆರೆಯ ನೀರು, ಸುಟ್ಟ ಕಾಡು, ಬೆಟ್ಟದ ಮರೆ ಇವೆಲ್ಲವೂ ಚಿತ್ರದಲ್ಲಿ ಕಪ್ಪಾಗಿಯೇ ಕಾಣುತ್ತವೆ. ನೆರಳನ್ನು ನೀರೆಂದು ಓದಿದರೆ ಇಲ್ಲದ ಕೆರೆಯೊಂದು ನಕ್ಷೆಯಲ್ಲಿ ಹುಟ್ಟಿಕೊಳ್ಳುತ್ತದೆ.

ಆರಂಭದ ವರ್ಷಗಳಲ್ಲಿ ಚಿತ್ರದಲ್ಲಿ ಮೋಡವೆಷ್ಟಿದೆಯೆಂಬುದನ್ನು ಮನುಷ್ಯರು ಕಣ್ಣಂದಾಜಿನಿಂದಲೇ ನಿರ್ಣಯಿಸುತ್ತಿದ್ದರು. 1999ರ ಏಪ್ರಿಲ್‌ನಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-7ಕ್ಕಾಗಿ ರೂಪಿಸಿದ ಗಣಕ ವಿಧಾನವು ಹೊಳಪನ್ನೂ ಉಷ್ಣತೆಯನ್ನೂ ಪರೀಕ್ಷಿಸಿ ಇಡೀ ಚಿತ್ರದ ಮೋಡದ ಪ್ರಮಾಣವನ್ನು ಶೇಕಡಾವಾರು ಹೇಳಿತು. ಅದರ ಉದ್ದೇಶ ಸೀಮಿತವಾದುದು. ಒಂದು ಚಿತ್ರಕ್ಕೆ ಸುಮಾರು 600 ಡಾಲರ್ ಬೆಲೆಯಿದ್ದ ಕಾಲದಲ್ಲಿ ಕೊಳ್ಳುವವರು ನಿರ್ಮಲ ಚಿತ್ರವನ್ನಷ್ಟೇ ಆರಿಸಿಕೊಳ್ಳುತ್ತಿದ್ದರು. ಮೋಡವಿದ್ದ ಚಿತ್ರ ಭಂಡಾರದಲ್ಲೇ ಉಳಿಯುತ್ತಿತ್ತು.

2008ರಲ್ಲಿ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯು ಲ್ಯಾಂಡ್‌ಸ್ಯಾಟ್ ಭಂಡಾರವನ್ನು ಉಚಿತವಾಗಿ ತೆರೆಯಲು ನಿರ್ಧರಿಸಿದುದು ಈ ಚರಿತ್ರೆಯ ತಿರುವು. ಅರ್ಧ ಮೋಡ ಕವಿದ ಚಿತ್ರದ ಉಳಿದರ್ಧಕ್ಕೂ ಬೆಲೆ ಬಂದಿತು. ಚಿತ್ರಕ್ಕೊಂದು ಅಂಕಿ ಸಾಲದೆ, ಪ್ರತಿಯೊಂದು ಚಿತ್ರಬಿಂದುವೂ ನೆಲವೋ, ಮೋಡವೋ, ನೆರಳೋ ಎಂದು ಹೇಳಬೇಕಾಯಿತು. 2012ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಝೆ ಝು ಮತ್ತು ಕರ್ಟಿಸ್ ವುಡ್‌ಕಾಕ್ ಪ್ರಕಟಿಸಿದ 'ಎಫ್‌ಮಾಸ್ಕ್' ವಿಧಾನ ಈ ಅಗತ್ಯಕ್ಕೆ ಉತ್ತರವಾಯಿತು. ಅದು ನೆರಳನ್ನು ಕೇವಲ ಕಪ್ಪಿನಿಂದ ಗುರುತಿಸುವುದಿಲ್ಲ. ಮೊದಲು ಮೋಡವನ್ನು ಹಿಡಿದು, ಅದರ ಎತ್ತರವನ್ನು ಊಹಿಸಿ, ಸೂರ್ಯನ ದಿಕ್ಕು ಮತ್ತು ಕೋನದಿಂದ ನೆರಳು ಬೀಳಬೇಕಾದ ಸ್ಥಳವನ್ನು ಲೆಕ್ಕ ಹಾಕುತ್ತದೆ. ಅಲ್ಲಿ ಮೋಡದ ಆಕಾರಕ್ಕೆ ಹೊಂದುವ ಕಪ್ಪು ದೊರೆತರೆ ಮಾತ್ರ ಅದನ್ನು ನೆರಳೆನ್ನುತ್ತದೆ. ನೆರಳಿಗೆ ಒಡೆಯನೊಬ್ಬ ಇರಲೇಬೇಕೆಂಬ ಲೋಕಾನುಭವವೇ ಇಲ್ಲಿ ಗಣಿತವಾಗಿದೆ.

ತೆಳುಮೋಡದ ಸಮಸ್ಯೆ ಆಗಲೂ ಉಳಿದಿತ್ತು. 2013ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-8 ಮತ್ತು 2015ರಲ್ಲಿ ಹಾರಿದ ಯುರೋಪಿನ ಸೆಂಟಿನೆಲ್-2ಎ ಉಪಗ್ರಹಗಳಲ್ಲಿ ಎತ್ತರದ ತೆಳುಮೋಡಕ್ಕೆಂದೇ ಸುಮಾರು 1.37 ಮೈಕ್ರೋಮೀಟರ್ ತರಂಗಾಂತರದ ಪಟ್ಟಿಯೊಂದನ್ನು ಇಡಲಾಯಿತು. ಈ ತರಂಗಾಂತರದ ಬೆಳಕನ್ನು ಕೆಳಗಿನ ಗಾಳಿಯ ನೀರಾವಿ ಹೀರಿಕೊಳ್ಳುವುದರಿಂದ ನೆಲ ಬಹುಮಟ್ಟಿಗೆ ಮರೆಯಾಗಿ, ಎತ್ತರದ ಮೋಡ ಮಾತ್ರ ತೋರುತ್ತದೆ.

ಮುಂಗಾರನ್ನು ನಂಬಿದ ನಾಡಿಗೆ ಈ ಚರಿತ್ರೆ ದೂರದ್ದಲ್ಲ. ಕರ್ನಾಟಕದ ರೈತ ಮಳೆಗಾಲವನ್ನು ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ನಕ್ಷತ್ರಗಳಿಂದ ಎಣಿಸುತ್ತಾನೆ. ಒಂದು ಮಳೆಯ ಅವಧಿ ಹದಿಮೂರು ಹದಿನಾಲ್ಕು ದಿನ. ಒಂದು ಲ್ಯಾಂಡ್‌ಸ್ಯಾಟ್ ಉಪಗ್ರಹ ಅದೇ ನೆಲದ ಮೇಲೆ ಮರಳಿ ಬರಲು 16 ದಿನ ಬೇಕು. ಒಂದು ಸರದಿ ಮೋಡಕ್ಕೆ ಸಿಕ್ಕಿದರೆ ಇಡೀ ಒಂದು ಮಳೆ, ಅದರ ಬಿತ್ತನೆಯ ಸಮೇತ, ಕಾಣದೆ ಹೋಗುತ್ತದೆ. 1988ರ ಮಾರ್ಚ್ 17ರಂದು ಹಾರಿದ ಭಾರತದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮೆರಾಗಳಿಗೂ ಮೋಡದ ಆಚೆ ನೋಟವಿರಲಿಲ್ಲ. 2012ರ ಏಪ್ರಿಲ್ 26ರಂದು ಇಸ್ರೋ ಹಾರಿಸಿದ ರಿಸ್ಯಾಟ್-1, ತನ್ನ ರೆಡಾರ್ ಅಲೆಗಳಿಂದ ಮೋಡವನ್ನು ದಾಟಿ ನೋಡಿತು. ಆದರೆ ರೆಡಾರ್ ತಿಳಿಸುವುದು ಮೇಲ್ಮೈಯ ರಚನೆಯನ್ನೂ ತೇವವನ್ನೂ, ಎಲೆಯ ಹಸಿರನ್ನಲ್ಲ. ಎರಡೂ ಬಗೆಯ ನೋಟಗಳು ಒಂದಕ್ಕೊಂದು ಪೂರಕವಾಗಿಯೇ ನಿಲ್ಲಬೇಕು.

2023ರಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಭತ್ತ ಮತ್ತು ಗೋಧಿಯ ಇಳುವರಿ ಅಂದಾಜಿಗೆ ಉಪಗ್ರಹ ಮಾಹಿತಿಯನ್ನೂ ಬಳಸುವ ಕ್ರಮ ಬಂದಿದೆ. ಇಂಥಲ್ಲಿ ಗುರುತಿಸದೆ ಉಳಿದ ನೆರಳು ಹಸುರು ಗದ್ದೆಯ ಲೆಕ್ಕವನ್ನೇ ತಪ್ಪಿಸಬಲ್ಲದು. ಚಿತ್ರದ ಓದು ಪರಿಹಾರದ ಹಣಕ್ಕೆ ತಾಗುವಾಗ 'ಕಾಣಲಿಲ್ಲ' ಎಂಬುದಕ್ಕೂ 'ಇಲ್ಲ' ಎಂಬುದಕ್ಕೂ ಇರುವ ಅಂತರ ರೈತನ ಪಾಲಿಗೆ ಬದುಕಿನ ಪ್ರಶ್ನೆಯಾಗುತ್ತದೆ.

ಜನಪದ ಪಠ್ಯದ ಸಂಪಾದಕನು ಗಾಯಕ ಹಾಡದೆ ಬಿಟ್ಟ ಭಾಗವನ್ನು ತಾನೇ ತುಂಬುವುದಿಲ್ಲ. ಲೋಪವನ್ನು ಲೋಪವೆಂದೇ ಗುರುತಿಸಿ ಬಿಡುತ್ತಾನೆ. ಮೋಡ ಮತ್ತು ನೆರಳನ್ನು ಗುರುತಿಸುವ ವಿಧಾನಗಳೂ ಮೂಲತಃ ಇದೇ ಶಿಸ್ತನ್ನು ಪಾಲಿಸುತ್ತವೆ. ಅವು ಮರೆಯಾದ ನೆಲವನ್ನು ತೋರಿಸುವುದಿಲ್ಲ; ಎಲ್ಲಿ ನೆಲ ಕಂಡಿಲ್ಲವೆಂಬುದನ್ನು ಹೇಳುತ್ತವೆ. ಉಪಗ್ರಹ ಚಿತ್ರವು ನಂಬಲರ್ಹ ದಾಖಲೆಯಾಗುವುದು ಈ ಗುರುತಿನಿಂದಲೇ.