ಡೆಟ್ರಾಯಿಟ್ ಗಲಭೆ: ಊಹೆ ಮತ್ತು ಲೆಕ್ಕ



ಕಾರು ಕಂಪನಿಗಳ ಕೆಲಸಕ್ಕೆಂದು ಬಂದು ಡೆಟ್ರಾಯಿಟ್ ಸುತ್ತಮುತ್ತ ನೆಲೆಸಿದ ನಮಗೆ ಮೊದಲು ಸಿಕ್ಕ ಬುದ್ಧಿವಾದ "ಊರೊಳಗೆ ಹೋಗಬೇಡಿ" ಎಂಬುದು. ಏಕೆಂದರೆ 1967ರ ಗಲಭೆಯ ಕಥೆ ಬರುತ್ತಿತ್ತು. "ಓದು ಬರಹವಿಲ್ಲದವರು, ದಕ್ಷಿಣದ ರಾಜ್ಯಗಳಿಂದ ವಲಸೆ ಬಂದವರು, ಇಲ್ಲಿಗೆ ಹೊಂದಿಕೊಳ್ಳಲಾರದೆ ಬೆಂಕಿ ಹಚ್ಚಿದರು." ನಾವೂ ನಂಬಿದೆವು, ನಮ್ಮ ನಂತರ ಬಂದವರಿಗೂ ಹಾಗೆಯೇ ಹೇಳಿದೆವು. ಗಲಭೆ ಮುಗಿದ ಕೆಲವೇ ವಾರಗಳಲ್ಲಿ ಇದೇ ಊರಿನ ಪತ್ರಿಕೆಯೊಂದು ಆ ಮಾತನ್ನು ಅಲ್ಲಗಳೆದಿತ್ತೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

1967ರ ಜುಲೈ 23ರ ಭಾನುವಾರ ನಸುಕಿನಲ್ಲಿ, 12ನೇ ಬೀದಿಯಲ್ಲಿ ಪರವಾನಗಿ ಇಲ್ಲದೆ ನಡೆಯುತ್ತಿದ್ದ ಮದ್ಯದ ಅಡ್ಡೆಯೊಂದರ ಮೇಲೆ ಪೋಲೀಸರು ದಾಳಿ ಮಾಡಿದರು. ಅಲ್ಲಿಂದ ಹೊತ್ತಿದ ಕಿಡಿ ಐದು ದಿನ ಉರಿಯಿತು. 43 ಜನ ಸತ್ತರು. 7,000ಕ್ಕೂ ಹೆಚ್ಚು ಜನರ ಬಂಧನವಾಯಿತು.

'ಡೆಟ್ರಾಯಿಟ್ ಫ್ರೀ ಪ್ರೆಸ್' ಪತ್ರಿಕೆಯ ನೆರವಿಗೆ ಬಂದವರು ಫಿಲಿಪ್ ಮೇಯರ್. ಅದೇ ಒಡೆತನದ ಪತ್ರಿಕಾ ಸಮೂಹದ ವರದಿಗಾರರಾಗಿದ್ದ ಇವರು ಆಗಷ್ಟೇ ಹಾರ್ವರ್ಡಿನಲ್ಲಿ ಒಂದು ವರ್ಷ ಸಮಾಜವಿಜ್ಞಾನದ ಸಮೀಕ್ಷಾ ವಿಧಾನವನ್ನೂ ಕಂಪ್ಯೂಟರ್ ಬಳಕೆಯನ್ನೂ ಕಲಿತಿದ್ದರು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರ ಸಹಾಯದಿಂದ ಪ್ರಶ್ನಾವಳಿ ಸಿದ್ಧವಾಯಿತು. ಗಲಭೆ ನಡೆದ ಪ್ರದೇಶದ 437 ಆಫ್ರಿಕನ್ ಅಮೆರಿಕನ್ ನಿವಾಸಿಗಳನ್ನು ಮಾತನಾಡಿಸಲಾಯಿತು. ಉತ್ತರಗಳು ಅಂಕಿಗಳಾಗಿ, ರಂಧ್ರ ಕೊರೆದ ಕಾರ್ಡುಗಳಾಗಿ ಕಂಪ್ಯೂಟರಿಗೆ ಹೋದವು. ನಮ್ಮ ಹಿರಿಯರಲ್ಲಿ ಕೆಲವರು ಅಂಥ ಕಾರ್ಡುಗಳ ಕಟ್ಟು ಹೊತ್ತು ತಿರುಗಿದವರೇ!

ಯಂತ್ರ ಮಾಡಿದ್ದು ಸರಳ ಕೆಲಸ. ಗಲಭೆಯಲ್ಲಿ ಸೇರಿದವರು, ಸೇರದವರು ಎಂದು ವಿಂಗಡಿಸಿ, ಎರಡೂ ಗುಂಪಿನ ಓದು, ಸಂಪಾದನೆ, ಬೆಳೆದ ಊರು ಇವನ್ನು ಪಕ್ಕಪಕ್ಕ ಇಟ್ಟು ನೋಡಿತು. ಕಾಲೇಜು ಮೆಟ್ಟಿಲು ಹತ್ತಿದವರೂ ಶಾಲೆ ಬಿಟ್ಟವರಷ್ಟೇ ಪ್ರಮಾಣದಲ್ಲಿ ಗಲಭೆಯಲ್ಲಿದ್ದರು. ದಕ್ಷಿಣದಲ್ಲಿ ಬೆಳೆದು ಬಂದವರಿಗಿಂತ ಉತ್ತರದಲ್ಲೇ ಬೆಳೆದವರು ಸುಮಾರು ಮೂರು ಪಟ್ಟು ಹೆಚ್ಚಾಗಿ ಪಾಲ್ಗೊಂಡಿದ್ದರು. ಪೋಲೀಸರ ದೌರ್ಜನ್ಯ, ಇಕ್ಕಟ್ಟಾದ ಕೆಟ್ಟ ವಸತಿ, ಕೆಲಸದ ಅಭಾವ ಇವು ಜನ ಹೇಳಿದ ಮುಖ್ಯ ದೂರುಗಳು.

ಗಲಭೆಯ ವರದಿಗಳಿಗಾಗಿ ಪತ್ರಿಕೆಗೆ 1968ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಮೇಯರ್ 1973ರಲ್ಲಿ 'ಪ್ರಿಸಿಷನ್ ಜರ್ನಲಿಸಂ' ಎಂಬ ಪುಸ್ತಕ ಬರೆದು ಈ ವಿಧಾನವನ್ನು ಇತರ ಪತ್ರಕರ್ತರಿಗೂ ಕಲಿಸಿದರು. 2023ರಲ್ಲಿ ತೀರಿಕೊಂಡರು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದರು. ನಾವಾದರೋ ಕಾಣದೆಯೇ ನಂಬಿದೆವು. ದಿನವಿಡೀ ಅಂಕಿಅಂಶಗಳೊಡನೆ ಕೆಲಸ ಮಾಡುವ ನಾವು ನೆರೆಯವರ ವಿಷಯದಲ್ಲಿ ಮಾತ್ರ ಲೆಕ್ಕ ಕೇಳಲಿಲ್ಲ. ಹಾಗೆ ನೋಡಿದರೆ ನಾವೂ ದಕ್ಷಿಣದಿಂದ ವಲಸೆ ಬಂದವರೇ ಅಲ್ಲವೇ? ಇನ್ನು ಮುಂದೆ ಮಕ್ಕಳು ಈ ಊರಿನ ಕಥೆ ಕೇಳಿದಾಗ, ನಾವು ಕೇಳಿದ್ದನ್ನು ಬಿಟ್ಟು ಆ 437 ಜನ ಹೇಳಿದ್ದನ್ನು ಹೇಳೋಣ.