ಸುಪ್ರಿಮೊನ ಮೂಲಪುಟ ಯಾರದ್ದು?

1982ರ ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರದ ಹೊಡೆದಾಟದ ದೃಶ್ಯವೊಂದರಲ್ಲಿ ಅಮಿತಾಭ್ ಬಚ್ಚನ್ ತೀವ್ರವಾಗಿ ಗಾಯಗೊಂಡರು. ದೇಶವೇ ಹರಕೆ ಹೊತ್ತಿತು. ಮರುವರ್ಷ ಅದೇ ನಟ ಪುಸ್ತಕದಂಗಡಿಗಳಲ್ಲಿ ಗಾಯವೇ ತಾಗದ ಮೈಯೊಂದಿಗೆ ಕಾಣಿಸಿಕೊಂಡ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಸ್ಟಾರ್ ಕಾಮಿಕ್ಸ್ ಮಾಲೆಯಲ್ಲಿ ಬಂದ ಆ ನಾಯಕನ ಹೆಸರು ಸುಪ್ರಿಮೊ. ಕಲ್ಪನೆ ಪತ್ರಕರ್ತೆ ಪಮ್ಮಿ ಬಕ್ಷಿಯವರದು, ಕಥಾ ಸಲಹೆ ಗುಲ್ಜಾರ್ ಅವರದು. ಚಿತ್ರ ಬರೆದವರು ನಮ್ಮ ಪುಣೆಯ ಪ್ರತಾಪ್ ಮುಳಿಕ್.

ಎಂಥ ಕಲಬೆರಕೆಯಿದು! ನಾಯಕ ನಿಜಜೀವನದ ಚಿತ್ರನಟ. ಆಪತ್ತಿನ ಕರೆ ಬಂದರೆ ಚಿತ್ರೀಕರಣದಿಂದ ಮರೆಯಾಗಿ ಮುಸುಕಿನ ವೀರನಾಗುತ್ತಾನೆ. ಸಂಗಡಿಗರಾದ ವಿಜಯ್ ಮತ್ತು ಆಂಥೊನಿ ಅವನದೇ ಹಳೆಯ ಪಾತ್ರಗಳ ಹೆಸರು ಹೊತ್ತವರು. ಜೊತೆಗೊಂದು ಗಿಡುಗ, ಒಂದು ಡಾಲ್ಫಿನ್. ತೊಟ್ಟಿದ್ದು ಮೈಗಂಟಿದ ಗುಲಾಬಿ ಉಡುಪು, ಕಪ್ಪು ಕನ್ನಡಕ. ಪಶ್ಚಿಮದ ಮುಸುಕುವೀರನನ್ನೂ ಹಿಂದಿ ಸಿನಿಮಾವನ್ನೂ ನಮ್ಮ ಪ್ರಾಣಿಕಥೆಗಳನ್ನೂ ಒಂದೇ ಪಾತ್ರೆಗೆ ಸುರಿದಂತಿದೆ. ಮಾಲೆ ಸುಮಾರು ಎರಡು ವರ್ಷ ನಡೆದು ನಿಂತಿತು.

ಇಷ್ಟು ವಿಜಾತೀಯ ಸಾಮಗ್ರಿಯನ್ನು ಹೊಲಿದ ಕೈ ಮೊದಲು ಪಳಗಿದ್ದು ದೇವತೆಗಳಲ್ಲಿ ಮತ್ತು ಇತಿಹಾಸಪುರುಷರಲ್ಲಿ. ಅಮರ ಚಿತ್ರ ಕಥೆಗೆ ಮುಳಿಕ್ ಹಲವು ಸಂಚಿಕೆಗಳನ್ನು ರಚಿಸಿದರು, ‘ಶಿವಾಜಿ’ ಅವುಗಳಲ್ಲೊಂದು. ಆ ಮಾಲೆಯ ಸಂಪಾದಕ ಅನಂತ ಪೈ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಫ್ಯಾಂಟಮ್‌ನೊಂದಿಗೆ ಆರಂಭಿಸಿದ ಇಂದ್ರಜಾಲ್ ಕಾಮಿಕ್ಸ್‌ನಲ್ಲಿ ದುಡಿದು ಹೊರಬಂದವರು. ಅಮರ ಚಿತ್ರ ಕಥೆಯ ಆರಂಭವನ್ನು ಸಾಮಾನ್ಯವಾಗಿ 1967 ಎನ್ನುತ್ತೇವೆ. ಆದರೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರು ಮೊದಲ ಪುಸ್ತಕಗಳು 1965ರಲ್ಲಿ ಕನ್ನಡದಲ್ಲೇ ಬಂದವೆಂದು ಹೇಳಿದ್ದಾರೆ. ಪಾಶ್ಚಾತ್ಯ ಕಿನ್ನರಕಥೆಗಳ ಆ ಹತ್ತು ಪುಸ್ತಕಗಳ ನಂತರ, ‘ಕೃಷ್ಣ’ನ ಸಂಚಿಕೆ ಹನ್ನೊಂದನೆಯ ಸಂಖ್ಯೆಯಿಂದ ಶುರುವಾದದ್ದರ ಗುಟ್ಟು ಅಲ್ಲಿದೆ. ಕನ್ನಡಿಗರಾದ ನಾವು ಈ ಸಂಗತಿಯನ್ನು ಹೆಚ್ಚು ಎತ್ತಿ ಆಡದಿರುವುದು ನನಗೆ ಆಶ್ಚರ್ಯ.

ಸುಪ್ರಿಮೊ ನಿಂತ ಕೆಲಕಾಲಕ್ಕೆ ದಿಲ್ಲಿಯ ರಾಜ್ ಕಾಮಿಕ್ಸ್ 1986ರಲ್ಲಿ ‘ನಾಗರಾಜ್’ ತಂದಿತು. ಪರಶುರಾಮ ಶರ್ಮಾ ಕಥೆ, ಮುಳಿಕ್ ಚಿತ್ರ. ಹಸಿರು ಹುರುಪೆಯ ಮೈ, ಕೈಯಿಂದ ಚಿಮ್ಮುವ ಹಾವುಗಳು: ಊರ ಹೊರಗಿನ ನಾಗನಕಲ್ಲಿಗೆ ಪರದೇಶದ ಸ್ನಾಯುಗಳನ್ನು ಬೆಸೆದ ರೂಪ. ಛತ್ರಪತಿಯ ನಿಲುವಿನ ಗಾಂಭೀರ್ಯವೇ ಇಲ್ಲಿ ನಾಗವೀರನ ನಿಲುವಿಗೆ ಇಳಿದಿದೆ ಎಂದು ನನಗನ್ನಿಸುತ್ತದೆ.

ನನ್ನನ್ನು ಕಾಡುವ ಪ್ರಶ್ನೆ ಮುದ್ರಣಕ್ಕೆ ಹೋಗುವ ಮುನ್ನಿನ ಪುಟದ್ದು. ಚಿತ್ರಕಥೆಯ ಮೂಲಪುಟ ಅಚ್ಚಿನ ಪುಟಕ್ಕಿಂತ ದೊಡ್ಡದಾದ ದಪ್ಪ ಹಾಳೆ. ಪೆನ್ಸಿಲ್ ಗೆರೆಯ ಮೇಲೆ ಕುಂಚದ ಮಸಿ, ತಪ್ಪಿದ ಕಡೆ ಬಿಳಿ ಬಣ್ಣದ ತೇಪೆ, ಅಂಚಿನಲ್ಲಿ ಮುದ್ರಕನಿಗೆ ಬರೆದ ಸೂಚನೆ. ಕಲಾವಿದ ಎಲ್ಲಿ ತಡೆದ, ಎಲ್ಲಿ ಮನಸ್ಸು ಬದಲಿಸಿದ ಎಂಬುದು ಅಲ್ಲಿಯೇ ಕಾಣುವುದು. ಒಂದೇ ಚಿತ್ರಕ್ಕೆ ಹಲವು ಭಾಷೆಗಳ ಮಾತು ಕೂರಬೇಕಾದಾಗ ಮಾತಿನ ಗುಳ್ಳೆಯಲ್ಲಿ ಕನ್ನಡದ ಒತ್ತಕ್ಷರಗಳು ಪಟ್ಟ ಪಾಡು ಬೇರೆಯೇ ಕಥೆ.

ಪುಟಕ್ಕಿಷ್ಟು ಎಂದು ಸಂಭಾವನೆ, ಹಾಳೆ ಪ್ರಕಾಶಕರ ಕಪಾಟಿಗೆ. ಬಹುಕಾಲ ಇದು ಜಗದ ರೂಢಿ. ಮುಳಿಕ್ ನಾಗರಾಜನನ್ನು ಬರೆಯುತ್ತಿದ್ದ ದಿನಗಳಲ್ಲೇ ಅಮೆರಿಕದಲ್ಲಿ ಜ್ಯಾಕ್ ಕಿರ್ಬಿ ತನ್ನದೇ ಪುಟಗಳಿಗಾಗಿ ಮಾರ್ವೆಲ್‌ನೊಡನೆ ಜಗಳವಾಡಿ, 1987ರಲ್ಲಿ ಒಂದು ಭಾಗವನ್ನಷ್ಟೇ ಮರಳಿ ಪಡೆದರು.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯಿದೆ. ಅದರ 57ನೆಯ ಕಲಮು, ಸ್ವಾಮ್ಯವನ್ನು ಮಾರಿದ ಮೇಲೂ ‘ಇದು ನನ್ನ ರಚನೆ’ ಎನ್ನುವ ಹಕ್ಕನ್ನು ಕರ್ತೃವಿಗೆ ಉಳಿಸುತ್ತದೆ. 1994ರ ತಿದ್ದುಪಡಿಯಿಂದ ಸೇರಿದ 53ಎ ಕಲಮು ಇನ್ನೂ ಸ್ವಾರಸ್ಯದ್ದು: ಮೂಲ ವರ್ಣಚಿತ್ರ, ಶಿಲ್ಪ, ರೇಖಾಚಿತ್ರ ಅಥವಾ ಹಸ್ತಪ್ರತಿ 10,000 ರೂಪಾಯಿ ಮೀರಿ ಮರುಮಾರಾಟವಾದರೆ ಕರ್ತೃವಿಗೂ ವಾರಸುದಾರರಿಗೂ ಪಾಲುಂಟು, ಆದರೆ ಆ ಪಾಲು ಶೇಕಡಾ 10 ಮೀರುವಂತಿಲ್ಲ. ಕರ್ತೃ 17ನೆಯ ಕಲಮಿನಂತೆ ಮೊದಲ ಸ್ವಾಮಿಯಾಗಿರಬೇಕು ಎಂಬ ಷರತ್ತೂ ಉಂಟು. ಅದೇ ಕಲಮು ಉದ್ಯೋಗದಲ್ಲಿ ಅಥವಾ ಹಣ ಕೊಟ್ಟು ಹೇಳಿ ಬರೆಸಿದ ಕೆಲವು ಬಗೆಯ ಕೃತಿಗಳ ಸ್ವಾಮ್ಯವನ್ನು ಬರೆಸಿದವನಿಗೆ ಕೊಡುತ್ತದೆ. ಬಾಗಿಲು ತೆರೆದು ಒಳಗಿನಿಂದ ಚಿಲಕ ಹಾಕಿದಂತೆ! ಪುಟಲೆಕ್ಕದಲ್ಲಿ ದುಡಿದ ಚಿತ್ರಕಾರ ಯಾವ ಪಂಗಡಕ್ಕೆ ಸೇರಬೇಕೆಂಬುದು ಆತ ಮಾಡಿಕೊಂಡ ಕರಾರಿನ ಮೇಲೆ ನಿಂತಿದೆ. ಕರಾರೇ ಇಲ್ಲದಿದ್ದರೆ ವಾದದ ಮೇಲೆ.

ಸರ್ಕಾರಿ ಕಡತದಲ್ಲಿ ಪ್ರತಿ ಟಿಪ್ಪಣಿಯ ಕೆಳಗೂ ಚಿಕ್ಕ ಸಹಿ ಮತ್ತು ತಾರೀಖು ಇರಲೇಬೇಕು. ಮೂವತ್ತು ವರ್ಷದ ನಂತರವೂ ಬರೆದವರು ಯಾರೆಂದು ತಿಳಿಯುತ್ತದೆ. ಆ ಶಿಸ್ತಿಗೆ ಒಗ್ಗಿದ ನನಗೆ ಸಂಗ್ರಾಹಕರ ನಡುವಿನ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ಅವರು ‘ಸುಪ್ರಿಮೊನ ಪುಟ’, ‘ನಾಗರಾಜನ ಪುಟ’ ಎಂದು ಹುಡುಕುತ್ತಾರೆ, ‘ಮುಳಿಕ್ ಅವರ ಪುಟ’ ಎನ್ನುವವರು ಕಡಿಮೆ.