ಟಿವಿಯ ದಾರಿಯಲ್ಲಿ ಬಂದ ಪ್ರೋಗ್ರಾಂಗಳು

ಕಳೆದ ತಿಂಗಳು ರಾತ್ರಿ ಧಾರಾವಾಹಿ ನೋಡೋಣವೆಂದು ಟಿವಿ ಹಚ್ಚಿದೆ. ಧಾರಾವಾಹಿಯ ಬದಲು ಬರೀ ನೀಲಿ ಪರದೆ. ‘ಸಾಫ್ಟ್‌ವೇರ್ ಅಪ್‌ಡೇಟ್ ಆಗುತ್ತಿದೆ, ಬಾಕ್ಸ್ ಆಫ್ ಮಾಡಬೇಡಿ’ ಎಂಬ ಸೂಚನೆ. ಅಂದು ನಮ್ಮ ಮನೆಯ ವೈಫೈ ಕೆಟ್ಟಿತ್ತು. ಇಂಟರ್‌ನೆಟ್ಟೇ ಇಲ್ಲದಾಗ ಸಾಫ್ಟ್‌ವೇರ್ ಎಲ್ಲಿಂದ ಬಂತು ಎಂದು ಮಗನನ್ನು ಕೇಳಿದೆ. “ಮಾಳಿಗೆ ಮ್ಯಾಲಿನ ಡಿಶ್‌ನಿಂದ, ಅಮ್ಮ. ಚಾನೆಲ್ ಬರೋ ದಾರಿಯೊಳಗ ಅದೂ ಬರ್ತದ” ಎಂದ.

ಅವನಿಗೆ ಅದು ಸಾಮಾನ್ಯ ಮಾತು. ನನಗೆ ಮಾತ್ರ 1980ರ ದಶಕದ ಪುಣೆ ನೆನಪಾಯಿತು. ಆಗ ನಾನು ಮದುವೆಯಾಗಿ ಧಾರವಾಡದಿಂದ ಬಂದ ಹೊಸತು. ಸಿಂಹಗಡದ ಮೇಲಿನ ಗೋಪುರದಿಂದ ದೂರದರ್ಶನ ಬರುತ್ತಿತ್ತು. ನಮ್ಮ ಪಕ್ಕದ ಮನೆಯವರು ಮಗನಿಗಾಗಿ ಒಂದು ಪುಟ್ಟ ಕಂಪ್ಯೂಟರ್ ತಂದರು. ಬ್ರಿಟನ್ನಿನ ಸ್ಪೆಕ್ಟ್ರಂ ಪ್ಲಸ್ ಯಂತ್ರವನ್ನು ನಮ್ಮ ದೇಶದ ಡೆಸಿಬೆಲ್ಸ್ ಕಂಪನಿ ಡಿಬಿ ಸ್ಪೆಕ್ಟ್ರಂ ಎಂಬ ಹೆಸರಿನಲ್ಲಿ ಮಾರುತ್ತಿತ್ತು. ಅದಕ್ಕೆ ಮನೆಯ ಟಿವಿಯೇ ಪರದೆ, ಕ್ಯಾಸೆಟ್ಟೇ ಭಂಡಾರ. ನಾನು ಭಾವಗೀತೆ ಕೇಳುವ ಟೇಪ್‌ರೆಕಾರ್ಡರನ್ನು ಅವರು ಎರವಲು ಒಯ್ಯುತ್ತಿದ್ದರು. ಕ್ಯಾಸೆಟ್ ಹಚ್ಚಿದರೆ ಕಿರ್ರೆಂಬ ಸದ್ದು. ಕೆಲವು ನಿಮಿಷಗಳ ಮೇಲೆ ಪರದೆಯಲ್ಲಿ ಆಟ ಮೂಡುತ್ತಿತ್ತು. ಆ ಕಿರುಚಾಟವೇ ಪ್ರೋಗ್ರಾಂ! ಅವರ ಮಗಳು ಕೀಲಿಗಳನ್ನು ಮುಟ್ಟಲು ಹೋದರೆ ‘ಕೆಟ್ಟುಹೋದೀತು’ ಎಂದು ಗದರುತ್ತಿದ್ದರು. ನಾನೂ ಬಾಗಿಲಲ್ಲೇ ನಿಂತು ನೋಡಿ ಬರುತ್ತಿದ್ದೆ. ಏನು, ಹೇಗೆ ಎಂದು ಕೇಳಲಿಲ್ಲ.

ಪ್ರೋಗ್ರಾಂ ಎಂಬುದು ಸದ್ದಾಗಿ ಇರಬಲ್ಲದಾದರೆ ಅದನ್ನು ಪ್ರಸಾರವೂ ಮಾಡಬಹುದಲ್ಲ? ಯುರೋಪಿನಲ್ಲಿ ಆಗಿದ್ದು ಅದೇ. ನೆದರ್ಲೆಂಡ್ಸ್‌ನಲ್ಲಿ ಎನ್ಓಎಸ್ ಸಂಸ್ಥೆಯ ‘ಹಾಬಿಸ್ಕೂಪ್’ ಎಂಬ ರೇಡಿಯೋ ಕಾರ್ಯಕ್ರಮ ಈ ಸದ್ದನ್ನೇ ಬಿತ್ತರಿಸುತ್ತಿತ್ತು. ಕೇಳುಗರು ಕ್ಯಾಸೆಟ್ಟಿಗೆ ಇಳಿಸಿಕೊಂಡು ಕಂಪ್ಯೂಟರಿಗೆ ಹಾಕುತ್ತಿದ್ದರು. ಆಗ ಒಂದೊಂದು ಕಂಪನಿಯ ಯಂತ್ರದ ಬೇಸಿಕ್ ಭಾಷೆ ಒಂದೊಂದು ತರಹ. ಧಾರವಾಡ, ಮೈಸೂರು, ಮಂಗಳೂರುಗಳ ಕನ್ನಡ ಬೇರೆ ಬೇರೆ ಇದ್ದ ಹಾಗೆ. ಎಲ್ಲರಿಗೂ ಅರ್ಥವಾಗಲೆಂದು ‘ಬೇಸಿಕೋಡ್’ ಎಂಬ ಸಾಮಾನ್ಯ ರೂಪವನ್ನು ಅಲ್ಲಿಯವರು ಮಾಡಿಕೊಂಡರು. ಜರ್ಮನಿಯ ಡಬ್ಲ್ಯೂಡಿಆರ್ ಟಿವಿಯ ‘ಕಂಪ್ಯೂಟರ್‌ಕ್ಲಬ್’ ಕಾರ್ಯಕ್ರಮವೂ ವೀಕ್ಷಕರಿಗೆ ಪ್ರೋಗ್ರಾಂಗಳನ್ನು ಸದ್ದಿನ ರೂಪದಲ್ಲಿ ಕಳಿಸಿತು.

ಬ್ರಿಟನ್ನಿನ ಬಿಬಿಸಿ ಇನ್ನೂ ಮುಂದೆ ಹೋಯಿತು. 1982ರಲ್ಲಿ ಅದು ಟಿವಿಯಲ್ಲಿ ಕಂಪ್ಯೂಟರ್ ಪಾಠ ಶುರುಮಾಡಿತು. ಪಾಠಕ್ಕೆ ಜೊತೆಯಾಗಿ ಏಕಾರ್ನ್ ಕಂಪನಿ ತಯಾರಿಸಿದ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂತು. ಅದರ ಬೇಸಿಕ್ ಭಾಷೆಯನ್ನು ರೂಪಿಸಿದವರು ಸೋಫಿ ವಿಲ್ಸನ್. ಇಂದು ನಮ್ಮ ಮೊಬೈಲುಗಳಲ್ಲಿರುವ ಆರ್ಮ್ ಚಿಪ್ಪುಗಳ ಮೊದಲ ವಿನ್ಯಾಸದಲ್ಲೂ ಅವರದು ದೊಡ್ಡ ಪಾಲು. 1983ರಿಂದ 1989ರವರೆಗೆ ಬಿಬಿಸಿ ತನ್ನ ಟಿವಿ ಪ್ರಸಾರದ ಜೊತೆಯಲ್ಲೇ ಈ ಕಂಪ್ಯೂಟರಿಗೆ ಪ್ರೋಗ್ರಾಂಗಳನ್ನು ಉಚಿತವಾಗಿ ಕಳಿಸುತ್ತಿತ್ತು. ಇದಕ್ಕೆ ‘ಟೆಲಿಸಾಫ್ಟ್‌ವೇರ್’ ಎಂದು ಹೆಸರು.

ಅದು ಬರುತ್ತಿದ್ದುದು ಹೀಗೆ. ಆಗಿನ ಟಿವಿ ಚಿತ್ರಕ್ಕೆ 625 ಗೆರೆಗಳು. ಅವುಗಳಲ್ಲಿ ಕೆಲವು ಗೆರೆಗಳಲ್ಲಿ ಚಿತ್ರವಿರುವುದಿಲ್ಲ. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವು ಅದು. ಆ ಖಾಲಿ ಜಾಗದಲ್ಲಿ ಅಕ್ಷರ ಕಳಿಸುವ ‘ಸೀಫ್ಯಾಕ್ಸ್’ ಸೇವೆಯನ್ನು ಬಿಬಿಸಿ 1974ರಲ್ಲೇ ಆರಂಭಿಸಿತ್ತು. ಸುದ್ದಿ, ಹವಾಮಾನದ ಪುಟಗಳ ಜೊತೆಗೆ ಈಗ ಪ್ರೋಗ್ರಾಂ ಪುಟಗಳೂ ಸೇರಿದವು. ಆಂಟೆನಾದ ತಂತಿಯನ್ನು ಒಂದು ವಿಶೇಷ ಪೆಟ್ಟಿಗೆಗೆ ಸಿಕ್ಕಿಸಿದರೆ ಅದು ಪುಟಗಳನ್ನು ಆರಿಸಿ ಕಂಪ್ಯೂಟರಿಗೆ ಕೊಡುತ್ತಿತ್ತು. ನಾವು ತೌರಿಗೆ ಚಕ್ಕುಲಿ ಡಬ್ಬಿ ಕಳಿಸುವಾಗ ಎಷ್ಟಿವೆಯೆಂದು ಚೀಟಿ ಇಡುವಂತೆ, ಕಳಿಸಿದ್ದೆಲ್ಲ ಸರಿಯಾಗಿ ತಲುಪಿತೇ ಎಂದು ನೋಡಲು ಒಂದು ಲೆಕ್ಕವೂ ಜೊತೆಗಿರುತ್ತಿತ್ತು. ಲೆಕ್ಕ ತಪ್ಪಿದರೆ ಕಾಯಬೇಕು. ಪುಟಗಳು ಸುತ್ತು ಹೊಡೆಯುತ್ತಲೇ ಇರುತ್ತಿದ್ದವು. ಪಂಕ್ತಿಯಲ್ಲಿ ಸಾರು ತಪ್ಪಿದರೆ ಬಡಿಸುವವರು ಮತ್ತೆ ಬರುವ ತನಕ ಕಾಯುತ್ತೇವಲ್ಲ, ಹಾಗೆ.

ಇದೇ ಬಿಬಿಸಿ ಮೈಕ್ರೋ ನಮ್ಮ ದೇಶಕ್ಕೂ ಬಂತು. 1984-85ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಲ್ಲಿ ಮೊದಲು 250 ಶಾಲೆಗಳಿಗೆ ಅದನ್ನು ಕೊಟ್ಟರು. ಆದರೆ ಬ್ರಿಟನ್ನಿನ ಟಿವಿ ಅಲೆಗಳು ಇಲ್ಲಿಗೆ ಮುಟ್ಟುವಂತಿರಲಿಲ್ಲ. ಹಾಗೆಂದು ನಮಗೆ ಆಕಾಶದ ದಾರಿ ಹೊಸದೇನೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಪ್ರಯೋಗದಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಮುಟ್ಟಿತ್ತು. ನಮ್ಮ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 1984ರ ಆಗಸ್ಟ್ 15ರಂದು ಯುಜಿಸಿಯ ‘ಕಂಟ್ರಿವೈಡ್ ಕ್ಲಾಸ್‌ರೂಂ’ ಪ್ರಸಾರ ಆರಂಭವಾಯಿತು. ಅದಕ್ಕೆ ಕಾರ್ಯಕ್ರಮ ತಯಾರಿಸಿದ ಕೇಂದ್ರಗಳಲ್ಲಿ ನಮ್ಮ ಪುಣೆ ವಿಶ್ವವಿದ್ಯಾಲಯದ್ದೂ ಒಂದು. ಮಧ್ಯಾಹ್ನ ಮನೆಗೆಲಸ ಮುಗಿಸಿ, ಅರ್ಥವಾದಷ್ಟು ಇಂಗ್ಲಿಷಿನಲ್ಲಿ ನಾನೂ ಆ ಪಾಠಗಳನ್ನು ನೋಡಿದ್ದೇನೆ. ಕಾಲೇಜು ಅರ್ಧಕ್ಕೆ ಬಿಟ್ಟವಳಿಗೆ ಅದೇ ಕಾಲೇಜು. 1985ರಲ್ಲಿ ದೂರದರ್ಶನ ದೆಹಲಿಯಲ್ಲಿ ‘ಇಂಟೆಕ್ಸ್ಟ್’ ಎಂಬ ಟೆಲಿಟೆಕ್ಸ್ಟ್ ಸೇವೆಯನ್ನೂ ತೆರೆಯಿತು.

ಹೀಗೆ ಪಾಠ ಆಕಾಶದಿಂದ ಬಂತು, ಕಂಪ್ಯೂಟರ್ ಹಡಗಿನಲ್ಲಿ ಬಂತು. ಎರಡೂ ಒಂದೇ ಮನೆಯಲ್ಲಿ ಕೂಡಲಿಲ್ಲ. ಕಂಪ್ಯೂಟರ್ ಇದ್ದ ಮನೆಗಳೇ ಬೆರಳೆಣಿಕೆಯಷ್ಟು. ಇದ್ದಲ್ಲೂ ಅದು ಗಂಡುಮಗುವಿನ ಸೊತ್ತು. ಪ್ರಸಾರಕ್ಕೆ ಮಾತ್ರ ಆ ಭೇದವಿಲ್ಲ. ಪೆಟ್ಟಿಗೆ ಇದ್ದ ಮನೆಯಲ್ಲಿ ಯಾರು ಕೂತರೂ ಅದು ಸಿಗುತ್ತದೆ. ಮಧ್ಯಾಹ್ನದ ಪಾಠ ನನಗೆ ಸಿಕ್ಕಿದ್ದು ಹಾಗೆಯೇ. ಪ್ರೋಗ್ರಾಂ ಕೂಡ ಹಾಗೆ ಬಂದಿದ್ದರೆ ಪಕ್ಕದ ಮನೆಯ ಆ ಹುಡುಗಿ ಮಧ್ಯಾಹ್ನದ ಹೊತ್ತು ಒಬ್ಬಳೇ ಕೂತು ಕಲಿಯುತ್ತಿದ್ದಳೇನೋ ಎಂದು ಈಗ ಅನಿಸುತ್ತದೆ.

ಈಗ ಸಾಫ್ಟ್‌ವೇರ್ ನಮ್ಮ ಮಾಳಿಗೆಗೇ ಬಂದು ಇಳಿಯುತ್ತಿದೆ. ಡಿಶ್ ಇರುವ ಮನೆಯ ಸೆಟ್‌ಟಾಪ್ ಬಾಕ್ಸ್ ಮಾಡುವುದೂ ಮೂಲತಃ ಸೀಫ್ಯಾಕ್ಸ್ ಪೆಟ್ಟಿಗೆಯ ಕೆಲಸವನ್ನೇ: ಪ್ರಸಾರದಲ್ಲಿ ಸುತ್ತುತ್ತಿರುವ ತುಂಡುಗಳನ್ನು ಹಿಡಿದು ಜೋಡಿಸುವುದು. ವ್ಯತ್ಯಾಸ ಒಂದೇ. ಆಗ ನೋಡುಗರು ಬೇಕಾದ್ದನ್ನು ಆರಿಸಿ, ಬೇಸಿಕ್‌ನಲ್ಲಿ ಬರೆದದ್ದಾದರೆ ತೆರೆದು ಓದಿ, ತಿದ್ದಿ ಕಲಿಯುತ್ತಿದ್ದರು. ಈಗ ಏನು ಬಂತೆಂದು ನಮಗೆ ತಿಳಿಯುವುದೂ ಇಲ್ಲ. ‘ಆಫ್ ಮಾಡಬೇಡಿ’ ಎಂದಷ್ಟೇ ಹೇಳುತ್ತದೆ.

ಅಂದು ಅಪ್‌ಡೇಟ್ ಮುಗಿದ ಮೇಲೆ ಮಗನ ಕೈಯಿಂದ ರಿಮೋಟ್ ಇಸಿದುಕೊಂಡು ಸೆಟ್ಟಿಂಗ್ಸ್ ಎಲ್ಲಿದೆಯೆಂದು ಕೇಳಿ ತೆರೆದೆ. ಬಾಕ್ಸಿನ ಸಾಫ್ಟ್‌ವೇರ್ ಸಂಖ್ಯೆ ಅಲ್ಲಿತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಅದನ್ನು ಬರೆದಿಟ್ಟಿದ್ದೇನೆ. ಮುಂದಿನ ಸಲ ಬದಲಾದಾಗ ಏನು ಬದಲಾಯಿತೆಂದು ಕೇಳುವವಳಿದ್ದೇನೆ. ಗೆಳತಿಯರೇ, ನೀವೂ ಒಮ್ಮೆ ತೆರೆದು ನೋಡಿ. ಮುಟ್ಟಿದರೆ ಏನೂ ಕೆಡುವುದಿಲ್ಲ.